ಹಗೇವಿನ ತಂಪಿಗೊಂದು ಅರ್ಜಿ

ಮದುವೆಯಾದ ಎರಡನೆಯ ವರ್ಷ, ಎಪ್ಪತ್ತರ ದಶಕದ ನಡುವಿನಲ್ಲಿ, ನಮ್ಮವರಿಗೆ ಮಳವಳ್ಳಿ ಹತ್ತಿರದ ಒಂದು ಹಳ್ಳಿಗೆ ವರ್ಗವಾಯಿತು. ರೇಷ್ಮೆ ಬೆಳೆಯುವವರಿಗೆ ಸಲಹೆ ಕೊಡುವ ಸರ್ಕಾರಿ ಕೆಲಸ ಅವರದು. ನಾವು ಬಾಡಿಗೆಗಿದ್ದ ಮನೆಯ ಎದುರಿಗೆ ಒಬ್ಬ ಗೌಡತಿ ಇದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ಆದರೂ ನನ್ನನ್ನು ‘ಅಮ್ಮಾವ್ರೆ’ ಎನ್ನುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ.

ಹಿಂದಿನ ಬೇಸಿಗೆಯಲ್ಲಿ ಅಕ್ಕನ ರೇಷ್ಮೆಹುಳುಗಳೆಲ್ಲ ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಸೆಕೆಗೆ ಸತ್ತಿದ್ದವಂತೆ. ತಟ್ಟೆ ತಟ್ಟೆಯನ್ನೇ ತಿಪ್ಪೆಗೆ ಸುರಿದದ್ದನ್ನು ಹೇಳುವಾಗ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಆಮೇಲೆ ಅವರು ಸುಮ್ಮನೆ ಕೂರಲಿಲ್ಲ. ಹಿತ್ತಿಲಲ್ಲಿ ಅತ್ತೆಯ ಕಾಲದ ಹಗೇವು ಇತ್ತು. ರಾಗಿ ತುಂಬಿಡುವ ನೆಲದೊಳಗಿನ ಹಳ್ಳ ಅದು. ಅದನ್ನು ಅಗಲಕ್ಕೆ ತೋಡಿಸಿ, ಏಳು ಮೆಟ್ಟಿಲು ಕೊರೆಸಿ, ಮೇಲೆ ತೆಂಗಿನ ಗರಿ ಹೊದಿಸಿ, ಗಾಳಿಗೆ ಎರಡು ಕಿಂಡಿ ಬಿಟ್ಟು, ಹುಳುವಿನ ತಟ್ಟೆಗಳನ್ನು ಒಳಗಿಳಿಸಿದರು. ಹೊರಗೆ ಮಣ್ಣು ಕಾದು ಅಂಗಾಲು ಸುಡುತ್ತಿದ್ದರೂ ಕೊನೆಯ ಮೆಟ್ಟಿಲಿನಲ್ಲಿ ಪಾದಕ್ಕೆ ಹಿತವಾಗುತ್ತಿತ್ತು.

ಆ ವರ್ಷ ಸರ್ಕಾರ ಹೊಸ ತಳಿಯ ಮೊಟ್ಟೆ ಕೊಡುತ್ತಿತ್ತು. ಗೂಡು ದೊಡ್ಡದು, ನೂಲು ಉದ್ದ, ಆದರೆ ಹುಳು ಬಲು ನಾಜೂಕು. ಹಾಗಾಗಿ ತಂಪು ಮನೆ ಇದ್ದವರಿಗೆ ಮಾತ್ರ. ಅರ್ಜಿಯಲ್ಲಿ ‘ತಂಪಿನ ವ್ಯವಸ್ಥೆ’ ಎಂಬಲ್ಲಿ ಎರಡೇ ಪದ ಅಚ್ಚಾಗಿದ್ದವು: ಫ್ಯಾನು, ಕೂಲರು. ನಮ್ಮ ಹಳ್ಳಿಯಲ್ಲಿ ಕರೆಂಟು ಹಗಲಿಗೆ ಬಂದದ್ದೇ ಅಪರೂಪ.

ಅಕ್ಕ ಅರ್ಜಿ ಹಿಡಿದು ಬಂದಾಗ ನಮ್ಮವರು ಮೆತ್ತಗೆ ಹೇಳಿದರು: “ನಿಯಮದಲ್ಲಿಲ್ಲಮ್ಮ. ಮನೆ ನೆಲಕ್ಕಿಂತ ಎರಡಡಿ ಎತ್ತರ ಇರಬೇಕು, ನಿಮ್ಮದು ಆಳಕ್ಕಿದೆ.”

“ಎತ್ರದಲ್ಲಿ ಬೇಯ್ತವೆ ಸೋಮಿ, ಅದ್ಕೇ ಇಳ್ಸಿವ್ನಿ. ನೆಲದ ತಂಪು ಕರೆಂಟು ಓದ್ರೆ ಓಯ್ತದಾ?”

ನಾನು ಹೇಳಿದೆ, “ರೀ, ಉಷ್ಣತೆ ಬರೆದು ಕಳಿಸಿದರೆ ಮಂಡ್ಯದ ಕಚೇರಿಯವರು ನೋಡಿಯಾರು.” ಹೀಗೆ ನಾನಾಗಿಯೇ ಅದಕ್ಕೆ ಕೈಹಾಕಿದೆ.

ಮೊದಲ ದಿನ ಮನೆಯಲ್ಲಿದ್ದ ಥರ್ಮಾಮೀಟರನ್ನೇ ಒಯ್ದೆ, ಜ್ವರ ನೋಡುವುದನ್ನು. ಹತ್ತು ನಿಮಿಷ ಹಿಡಿದು ನಿಂತರೂ ಪಾದರಸ ಕದಲಲಿಲ್ಲ. ಅಕ್ಕ ಬಗ್ಗಿ ನೋಡಿ ನಕ್ಕರು. “ನಿಮ್ ಕಡ್ಡಿಗೇ ಚಳಿ ಇಡ್ಕಂಡದೆ ಕಣಮ್ಮ, ಕಂಬ್ಳಿ ಒದಿಸಿ!”

ಮರುದಿನದಿಂದ ನಮ್ಮವರ ಕಚೇರಿಯ ಗೋಡೆ ಥರ್ಮಾಮೀಟರು ಬಂತು. ಕಾನ್ವೆಂಟಿನಲ್ಲಿ ಕಲಿತ ದುಂಡಕ್ಷರದಲ್ಲಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ದಿನಕ್ಕೆ ಮೂರು ಸಲ ಬರೆದೆ. ಹೊರಗೆ ಮೂವತ್ತಾರು, ಒಳಗೆ ಇಪ್ಪತ್ತೇಳು. ಇಪ್ಪತ್ತೈದಿದ್ದರೆ ಹುಳುವಿಗೆ ಚೆನ್ನ ಎಂದು ಸರ್ಕಾರದ ಪುಸ್ತಕದಲ್ಲಿತ್ತು. ಒಂದು ಮಧ್ಯಾಹ್ನ ಒದ್ದೆ ಗೋಣಿಚೀಲದಿಂದ ಎರಡೂ ಕಿಂಡಿ ಮುಚ್ಚಿ ನೋಡಿದೆ. ಇಪ್ಪತ್ತೈದಕ್ಕೆ ಇಳಿಯಿತು! ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದಷ್ಟೇ ಸಂತೋಷವಾಯಿತು ನನಗೆ.

“ಗಾಳಿ ಆಡದ್ ಬ್ಯಾಡ್ವಾ?” ಎಂದರು ಅಕ್ಕ.

“ಮಂಡ್ಯದ ಅಧಿಕಾರಿ ನೋಡಲು ಬರುವ ದಿನ ಮಾತ್ರ ಅಕ್ಕ,” ಎಂದೆ. ಓದಿದವಳ ಮಾತೆಂದು ಅವರು ನಂಬಿದರು.

ನನ್ನ ಹಾಳೆಗಳು ಮಂಡ್ಯಕ್ಕೆ ಹೋದ ಹದಿನೈದು ದಿನಕ್ಕೆ ಅಧಿಕಾರಿ ಬರುವ ಸುದ್ದಿ ಬಂತು. ಅಂದು ಬೆಳಿಗ್ಗೆ ನಾವಿಬ್ಬರೂ ಕಿಂಡಿ ಮುಚ್ಚಿ, ಬಾಗಿಲಿಗೂ ಗೋಣಿ ಇಳಿಬಿಟ್ಟೆವು. ಹತ್ತು ಗಂಟೆಗೆ ಬರಬೇಕಿದ್ದ ಜೀಪು ಮದ್ದೂರಿನಲ್ಲಿ ಪಂಕ್ಚರಾಗಿ, ಬಂದದ್ದು ಎರಡು ಗಂಟೆಗೆ. ಬೆವರಿನಲ್ಲಿ ತೊಯ್ದಿದ್ದ ಹಿರಿಯ ಮನುಷ್ಯ. ಅಕ್ಕ ಹೇಳಿದಂತೆ ಕಾಲು ತೊಳೆದು, ಹುಳುವಿಗೆ ಸೋಂಕಾಗದಂತೆ ಸುಣ್ಣದ ಪುಡಿ ತುಳಿದು, ಮೆಟ್ಟಿಲ ಬಳಿ ನಿಂತರು.

“ವಸಿ ನಿಂತ್ಕಳಿ ಸೋಮಿ,” ಎಂದು ಅಕ್ಕ ಹಗ್ಗಕ್ಕೆ ಕಟ್ಟಿದ ಹಣತೆಯನ್ನು ಹಚ್ಚಿ ಒಳಗೆ ಇಳಿಬಿಟ್ಟರು.

“ಪೂಜೆ ಏನಮ್ಮ?”

“ಪೂಜೆ ಅಲ್ಲ. ಮುಚ್ಚಿದ್ ಹಗೇವ್ಗೆ ದೀಪ ಇಳೀದೆ ಮನ್ಸ ಇಳಿಬಾರ್ದು. ಕೆಟ್ ಗಾಳಿ ಇದ್ರೆ ದೀಪ ಆರೋಯ್ತದೆ. ನಮ್ಮತ್ತೆ ಏಳ್ಕೊಟ್ಟಿದ್ದು.”

ದೀಪ ಆರಲಿಲ್ಲ. ಆದರೆ ಕುಡಿ ಚಿಕ್ಕದಾಗಿ, ಬರೆದಿಟ್ಟಂತೆ ನೆಟ್ಟಗೆ ನಿಂತಿತು. ಒಳಗಿಳಿದಾಗ ಕೊಳೆತ ಸೊಪ್ಪಿನ ಘಾಟು ಮೂಗಿಗೆ ಬಡಿಯಿತು. ಹುಳುಗಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಬಂದು ತಲೆ ಎತ್ತಿದ್ದವು. ಥರ್ಮಾಮೀಟರು ಮಾತ್ರ ಇಪ್ಪತ್ತೈದು ತೋರಿಸುತ್ತಿತ್ತು.

“ತಂಪಿದೆ,” ಎಂದರು ಅಧಿಕಾರಿ. “ಉಸಿರಿಲ್ಲ. ಎತ್ತರದ ಮನೆ ಅಂತ ನಿಯಮ ಮಾಡಿದ್ದು ಇದಕ್ಕೇ.” ಪೆನ್ನಿನ ಮುಚ್ಚಳ ತೆಗೆದರು.

ಅಕ್ಕ ನನ್ನ ಕಡೆ ತಿರುಗಲೂ ಇಲ್ಲ, ನನ್ನ ಹೆಸರು ಎತ್ತಲೂ ಇಲ್ಲ. ಅದಕ್ಕೇ ನನಗೆ ಸುಮ್ಮನಿರಲಾಗಲಿಲ್ಲ. “ಗೋಣಿ ಕಟ್ಟಿಸಿದ್ದು ನಾನು ಸಾರ್. ಅಂಕಿ ಚೆನ್ನಾಗಿ ಬರಲಿ ಅಂತ. ಅವರು ಬೇಡ ಅಂದಿದ್ದರು,” ಎಂದೆ. ನಮ್ಮವರು ಮೆಟ್ಟಿಲನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಅಕ್ಕ ಗೋಣಿಗಳನ್ನು ಕಿತ್ತೆಸೆದು, ಹಿತ್ತಿಲಿನಿಂದ ಮೂರು ಹಳೆ ಮಡಕೆ ತಂದು, ತಳ ಒಡೆದು, ಹೊಗೆಗೂಡಿನಂತೆ ಒಂದರ ಮೇಲೊಂದು ಕೂರಿಸಿ ಗರಿಯ ಮಾಡಿಗೆ ಸಿಕ್ಕಿಸಿದರು. “ಈಗ್ ನೋಡಿ ಸೋಮಿ, ಮೂಗ್ ಮಡಗಿವ್ನಿ.”

ಅಧಿಕಾರಿ ನಗುತ್ತ ಕಾದರು. ಸ್ವಲ್ಪ ಹೊತ್ತಿಗೆ ದೀಪದ ಕುಡಿ ಅಲುಗಿ, ಮಡಕೆಯ ಕಡೆಗೆ ವಾಲಿತು. ಅರ್ಧ ಗಂಟೆ ಬಿಟ್ಟು ಥರ್ಮಾಮೀಟರು ನೋಡಿದರು. ಇಪ್ಪತ್ತೇಳು. ಫ್ಯಾನು, ಕೂಲರು ಎರಡನ್ನೂ ಹೊಡೆದುಹಾಕಿ, ಪಕ್ಕದಲ್ಲಿ ‘ನೆಲದ ತಂಪು, ಮಡಕೆ ಕಿಂಡಿ’ ಎಂದು ಬರೆದು ಸಹಿ ಮಾಡಿದರು. “ಅಚ್ಚಾದ ನಿಯಮ ಬದಲಾಗೋದು ನಿಧಾನ ಅಮ್ಮ. ಕರೆಂಟು ಬೇಡದ ತಂಪಿದು, ನಾನೂ ಮೇಲಕ್ಕೆ ಬರೀತೀನಿ,” ಎಂದರು.

ಮುಂದಿನ ಬೇಸಿಗೆಯಲ್ಲೂ ಅರ್ಜಿಯಲ್ಲಿ ಅದೇ ಎರಡು ಪದಗಳಿದ್ದವು. ಆದರೆ ಅಕ್ಕನಿಗೆ ಮೊಟ್ಟೆ ಬಂತು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೊಟ್ಟೆ ಹಾಳೆಯನ್ನು ಅವರು ಎರಡು ಕೈಯಲ್ಲಿ ಹಿಡಿದು ಏಳು ಮೆಟ್ಟಿಲು ಇಳಿದರು. ನಾನು ಥರ್ಮಾಮೀಟರು ಹಿಡಿದು ಹಿಂದೆ ಹೊರಟೆ.

“ಅದಿರ್ಲಿ ಅಮ್ಮಾವ್ರೆ,” ಎಂದರು ಅಕ್ಕ, “ಮೊದ್ಲು ದೀಪ ಇಡ್ಕಳಿ.”