ನೇತಾಡೋ ಎಂಜಿನ್ ಕೆಳಗೆ ತಲೆ

ಎಂಜಿನ್ ಕಾರಿಂದ ಆಚೆ ಬಂದು ಗಾಳೀಲಿ ನೇತಾಡ್ತಿದೆ, ಕ್ರೇನು ಅಲ್ಲಾಡ್ತಿಲ್ಲ.

ಕೈಯಲ್ಲಿ ಎಳೆಯೋ ಕ್ರೇನದು. ಎರಡು ಕಬ್ಬಿಣದ ಕಾಲು, ತುದೀಲಿ ಪುಟ್ಟ ಪುಟ್ಟ ಚಕ್ರ. ನಾನೂ ಮೇಸ್ತ್ರಿ ಅಣ್ಣನೂ ಹಿಂದಕ್ಕೆ ಎಳೀತಿದೀವಿ, ಮುಂದಿನ ಚಕ್ರ ಯಾವ್ದಕ್ಕೋ ಸಿಕ್ಕಾಕ್ಕೊಂಡು ಕೂತಿದೆ. ಬಗ್ಗಿ ನೋಡಿದ್ರೆ ತೆಂಗಿನ ಚಿಪ್ಪು.

ಥೂ.

ಬೆಳಿಗ್ಗೆ ಕಾರಿನ ಓನರ್ ಬಂದು ಅದರ ಮುಂದೆ ಕಾಯಿ ಒಡೆದಿದ್ದ. ಅವನ ತಾತನ ಕಾಲದ ಕಾರು. ಪೇಟೇಲಿ ಅಂಗಡಿ ಇರೋ ಮನೆತನ, ಹಣೆ ತುಂಬಾ ವಿಭೂತಿ. ಮಾರ್ಕೆಟ್ಟಿಂದ ಒಂದು ಮೊಳ ಸೇವಂತಿಗೆ ತಂದು ಕ್ರೇನಿನ ಕೊಕ್ಕೆಗೆ ಬೇರೆ ಸುತ್ತಿದ್ದ. ನಾನು ಪೊರಕೆ ತಗೊಂಡು ಚಿಪ್ಪು ಗುಡ್ಸಕ್ಕೆ ಹೋದೆ. "ಏಯ್, ಪೂಜೆ ಕಾಯಿಗೆ ಪೊರಕೆ ಮುಟ್ಟಿಸ್ತಾರೇನಪ್ಪಾ? ಆಮೇಲೆ ಕೈಯಲ್ಲಿ ಆಯ್ಕೊಳ್ಳಿ" ಅಂದ. ಅಣ್ಣನೂ "ಬಿಡೋ, ಸಾರ್ ಹೇಳ್ತಿದಾರಲ್ಲ" ಅಂದ. ಅವತ್ತು ಶುಕ್ರವಾರ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಎಂಜಿನ್ ಆಚೆ ಬರಬೇಕಂತೆ. ಆ ಗಡಿಬಿಡೀಲಿ ಯಾರ್ ಆಯ್ತಾರೆ? ಚಿಪ್ಪು ಅಲ್ಲೇ ಉಳೀತು. ಕಾಯಿ ನೀರು ಹಳೇ ಆಯಿಲ್ ಜೊತೆ ಸೇರ್ಕೊಂಡು ನೆಲ ಎಲ್ಲಾ ಲೋಳೆ. ಎಂಜಿನ್ ಮೇಲೆ ಇಲಿ ಗೂಡು, ಅದರ ವಾಸ್ನೆ, ಕರ್ಪೂರದ ವಾಸ್ನೆ.

ಕೆಲಸ ಏನೋ ಸರಿಯಾಗೇ ಮಾಡಿದ್ವಿ, ಅದನ್ನ ಹೇಳ್ಬೇಕು. ಬ್ಯಾಟ್ರಿ ತೆಗ್ದು, ನೀರು ಆಯಿಲ್ ಇಳ್ಸಿ, ಬಾನೆಟ್ ರೇಡಿಯೇಟರ್ ಬಿಚ್ಚಿ, ವೈರ್‌ಗಳಿಗೆಲ್ಲ ಗುರ್ತಿಗೆ ಟೇಪ್ ಸುತ್ತಿ, ಗೇರ್‌ಬಾಕ್ಸ್ ಕೆಳಗೆ ಜಾಕ್ ಕೊಟ್ವಿ. ಚೈನು ಎರಡು ಕಡೆ ಹಾಕಿ ಎಂಜಿನ್ ಮೂತಿ ಮೇಲೆ ಮಾಡಿ ಎತ್ತಿದ್ವಿ. ಎತ್ತಿದ್ಮೇಲೆ ಕ್ರೇನ್ ಎಳೀಬಾರ್ದು, ಕಾರನ್ನೇ ಹಿಂದಕ್ಕೆ ತಳ್ಳಬೇಕು, ಎಂಜಿನ್ ಇದ್ದಲ್ಲೇ ಕೆಳಗಿಳೀಬೇಕು. ಆದ್ರೆ ನಮ್ದು ಚಾಮರಾಜಪೇಟೆಯ ಪುಟ್ಟ ಶೆಡ್ಡು, ಕಾರ್ ಹಿಂದೆ ಒಂದು ಗೇಣಿಗೆ ಗೋಡೆ. ಎಲ್ಲಿಗೆ ತಳ್ತೀಯಾ? ಅದಕ್ಕೇ ಕ್ರೇನ್ ಎಳೀತಿದ್ವಿ.

ಇನ್ನೊಂದು ವಿಷ್ಯ. ಕ್ರೇನಿನ ಜಾಕಲ್ಲಿ ಎಣ್ಣೆ ತಡೆಯೋ ರಬ್ಬರ್ ಸೀಲ್ ಹೋಗಿತ್ತು. ಪಂಪ್ ಹೊಡೆದ್ರೆ ಏಳುತ್ತೆ, ಸುಮ್ನೆ ಬಿಟ್ರೆ ತಾನಾಗೇ ಮೆಲ್ಲಗೆ ಇಳಿಯುತ್ತೆ. ಸೀಲ್ ಹಾಕ್ಸಿ ಅಂತ ಅಣ್ಣಂಗೆ ಹೇಳಿ ಹೇಳಿ ನನ್ ಬಾಯಿ ನೋವು ಬಂದಿತ್ತು.

"ಅಣ್ಣ, ಇಲ್ಲೇ ಇಳಿಸ್ಬಿಡಣ. ಹಳೇ ಟೈರ್ ತಳ್ತೀನಿ ಕೆಳಕ್ಕೆ" ಅಂದೆ.

ಓನರ್ ಮೊಬೈಲ್ ಹಿಡ್ಕೊಂಡು ವಿಡಿಯೋ ಮಾಡ್ತಿದ್ದ. "ಟೈರ್ ಮೇಲಾ? ನಮ್ ತಾತನ ಎಂಜಿನ್ರೀ ಅದು. ಅಲ್ಲಿ ಸ್ಟ್ಯಾಂಡ್ ಇದ್ಯಲ್ಲ, ಅದ್ರ ಮೇಲೆ ಕೂರ್ಸಿ. ಮೇಸ್ತ್ರಿ, ಒಂದ್ನಿಮಿಷ ಹಂಗೇ ಇರ್ಲಿ, ಈ ಕಡೆಯಿಂದ ತಗೋತೀನಿ."

ಹಂಗೇ ಇರ್ಲಿ ಅಂತೆ. ಅದು ಇಳೀತಿದೆ, ಇವನಿಗೆ ವಿಡಿಯೋ.

ಅಣ್ಣ ಮಂಡಿ ಊರಿದ. ಚಿಪ್ಪು ಇದ್ದಿದ್ದು ಎಂಜಿನ್‌ಗೆ ನೆಟ್ಟಗೆ ಕೆಳಗೆ.

"ಅಣ್ಣ, ಬೇಡ. ಕೋಲಲ್ಲಿ ತಳ್ತೀನಿ ಇರಿ."

"ಎರಡೇ ಸೆಕೆಂಡ್ ಕಣೋ. ಇಪ್ಪತ್ತು ವರ್ಷದಿಂದ ಇದೇ ಮಾಡ್ತಿದೀನಿ. ನೀನ್ ಪಂಪ್ ಹೊಡಿ."

"ನೀವ್ ಆಚೆ ಬನ್ನಿ, ಆಮೇಲೆ ಹೊಡೀತೀನಿ."

"ಏಯ್, ಹೆದರ್ಪುಕ್ಲಾ! ಹೊಡಿಯೋ!"

ಹೇಳ್ತಾ ಹೇಳ್ತಾ ತಲೇನೂ ಭುಜಾನೂ ತೂರಿಸೇಬಿಟ್ಟ. ಚಿಪ್ಪು ಹಿಡಿದು ಜಗ್ಗಿದ. ಚಕ್ರ ಬಿಟ್ಕೊಳ್ತು, ಕ್ರೇನು ದಡಕ್ ಅಂತು, ಎಂಜಿನ್ ಉಯ್ಯಾಲೆ ತರ ತೂಗ್ತು. ಜಾಕ್ ಬುಸ್ ಅಂದಿದ್ದು ಕೇಳಿಸ್ತು ನಂಗೆ. ಪಂಪಿಗೆ ಕೈ ಹಾಕ್ಲಿಲ್ಲ. ಅವನ ಕಾಲರ್ ಹಿಡಿದು ಎಳೆದೆ, ನಾಯೀನ ಎಳೆಯೋ ಹಂಗೆ. ಲೋಳೆ ನೆಲ ಅಲ್ವಾ, ಸರ್ ಅಂತ ಜಾರ್ಕೊಂಡು ಬಂದ. ಇಬ್ರೂ ಅಂಗಾತ ಬಿದ್ವಿ.

ಎಂಜಿನ್ ಧೊಪ್ ಅಂತ ಅಣ್ಣನ ತಲೆ ಇದ್ದ ಜಾಗಕ್ಕೇ ಬಿತ್ತು. ಕೆಳಗಿನ ಆಯಿಲ್ ಚೇಂಬರ್ ಅಪ್ಪಚ್ಚಿ. ಉಳಿದಿದ್ದ ಕರೀ ಆಯಿಲ್ ನಮ್ ಮುಖಕ್ಕೆ ಎರಚ್ತು.

ಓನರ್ ಓಡಿ ಬಂದ. ಅಣ್ಣನ ಹತ್ರ ಬಂದ ಅಂದ್ಕೊಂಡೆ. ಇಲ್ಲ, ಎಂಜಿನ್ ಹತ್ರ ಕೂತ್ಕೊಂಡು "ಅಯ್ಯೋ ಹೋಯ್ತಲ್ರೀ, ಹೋಯ್ತಲ್ರೀ" ಅಂತ ಅದನ್ನ ಸವರ್ತಿದ್ದಾನೆ. ಬದುಕಿದ್ಯಾ ಅಂತ ಒಂದ್ ಮಾತು ಕೇಳ್ಲಿಲ್ಲ.

ಅದಾದ್ರೂ ಹೋಗ್ಲಿ, ಹೊರಗಿನವ್ನು. ಅಣ್ಣ ಎದ್ದ. ಕಾಲರ್ ಹರಿದಿತ್ತು. ಮೊದಲನೇ ಮಾತು ಏನ್ ಗೊತ್ತಾ?

"ಕಸ್ಟಮರ್ ಮುಂದೆ ನನ್ ಕಾಲರ್ ಹಿಡೀತೀಯೇನೋ?"

"ಹಿಡೀದೇ ಇದ್ದಿದ್ರೆ ಕಾಲರ್ ಒಳಗೆ ಕುತ್ತಿಗೆ ಇರ್ತಿರ್ಲಿಲ್ಲ ಅಣ್ಣ."

"ಬಾಯ್ ಮುಚ್ಚು. ಸಾರ್‌ಗೆ ಸಾರಿ ಕೇಳು."

ಯಾರ್‌ಗೆ? ಯಾಕೆ? ಅಣ್ಣನ ಮೇಲೆ ನಂಗೆ ಎಷ್ಟು ಮರ್ಯಾದೆ ಇತ್ತೋ ಎಲ್ಲಾ ಅಲ್ಲೇ ಆ ಲೋಳೇಲಿ ಹೋಯ್ತು. ತನ್ನ ತಲೆ ಉಳೀತು ಅನ್ನೋದಕ್ಕಿಂತ ಶರ್ಟ್ ಹಿಡಿದ್ರು ಅನ್ನೋದೇ ದೊಡ್ಡದಾಯ್ತಲ್ಲ ಇವನಿಗೆ!

ಸೀಮೆಎಣ್ಣೇಲಿ ಕೈ ತೊಳ್ಕೊಂಡು ಆಚೆ ಬಂದೆ. ಆಮೇಲೆ ಅಣ್ಣ ಫೋನ್ ಮಾಡಿದ್ದ. "ಸೀಲ್ ಹಾಕ್ಸಿದ್ರಾ?" ಅಂದೆ. "ಅದಿರ್ಲಿ, ನೀನ್ ಮೊದಲು ಬಾ" ಅಂದ. ಇಟ್ಟೆ ಫೋನು. ಈಗ ಬಿನ್ನಿಪೇಟೆ ಕಡೆ ಬೇರೆ ಶೆಡ್ಡಲ್ಲಿ ಇದೀನಿ.

ಅಷ್ಟೇ. ಇನ್ನೇನೂ ಹೇಳಕ್ಕಿಲ್ಲ ನಂಗೆ.