ಯಲ್ಲಾಪುರದ ಪೆಟ್ಟಿಗೆಯಲ್ಲಿ ಉಳಿದ ಚಾವಿ

ಶುಕ್ರವಾರ ಬೆಳಗಿನ ಬಸ್ಸಿಗೆ ಹುಬ್ಬಳ್ಳಿ ಬಿಟ್ಟು ಊಟದ ಹೊತ್ತಿಗೆ ಶಿರಸಿ ಮುಟ್ಟಿದೆ. ಚೀಲದಲ್ಲಿ ಎರಡು ಅಂಗಿ, ಸ್ಕ್ರೂಡ್ರೈವರುಗಳು, ಹೊಲಿಗೆ ಮಶೀನಿನ ಎಣ್ಣೆ, ಒಂದು ಡಬ್ಬಿ ಸೂಜಿ ಇದ್ದವು. ಚಾವಿ ಕೊಟ್ಟು ನುಡಿಸುವ ಹಳೆಯ ಗ್ರಾಮೊಫೋನುಗಳನ್ನು ತಂದು ರಿಪೇರಿ ಮಾಡುವುದು ನನ್ನ ಹವ್ಯಾಸ. ಬಾಡಿಗೆ ಕೋಣೆಯಲ್ಲಿ ಅಂಥವು ಎಂಟು ಇವೆ. ಚಾವಿ ಕೊಡುವವನೂ ನಾನೇ, ಕೇಳುವವನೂ ನಾನೇ. ಒಂಬತ್ತನೆಯದನ್ನು ಹುಡುಕಿ ಹೊರಟಿದ್ದೆ. ಕೈಯಲ್ಲಿ ಎರಡು ವಿಳಾಸಗಳಿದ್ದವು.

ಶಿರಸಿಯ ಲಾಡ್ಜಿನಲ್ಲಿ ಒಬ್ಬರ ಕೋಣೆ ಖಾಲಿ ಇರಲಿಲ್ಲ. ಮ್ಯಾನೇಜರು ಎರಡು ಮಂಚದ ಕೋಣೆ ಕೊಟ್ಟು, "ಇನ್ನೊಂದ್ರ ಮೇಲೆ ಚೀಲ ಮಲಗ್ಸಿ" ಎಂದರು. ಹಾಗೆಯೇ ಮಾಡಿದೆ.

ಶನಿವಾರ ಸಿದ್ದಾಪುರಕ್ಕೆ ಹೋಗಿ, ಬಸ್ಸು ಬದಲಿಸಿ ದೊಡ್ಮನೆ ತಲುಪಿದೆ. ಬೆಳಗಿನ ಮಂಜು ಇನ್ನೂ ಸರಿದಿರಲಿಲ್ಲ. ಮೊದಲ ವಿಳಾಸದ ಹೆಗಡೆಯವರು ತೇಗದ ಪೆಟ್ಟಿಗೆಯನ್ನು ಜಗಲಿಗೆ ತಂದಿಟ್ಟರು. ಮುಚ್ಚಳ ತೆಗೆದರೆ ಒಳಗೆ ನೂಲಿನ ಉಂಡೆಗಳು, ಅಂಗಿಯ ಗುಂಡಿಗಳು. ಯಂತ್ರವನ್ನು ಅವರೇ ಬಿಚ್ಚಿ ನೋಡಿದ್ದರಂತೆ. ಕೊಟ್ಟ ಚಾವಿ ಇಳಿಸದೆ ಬಿಚ್ಚಿದ್ದರಿಂದ ಸ್ಪ್ರಿಂಗು ಹಾರಿ ಮಾಡಿನ ಹಂಚು ಒಡೆಯಿತಂತೆ. ಆಮೇಲೆ ಎಲ್ಲ ಗುಜರಿಗೆ ಹೋಯಿತು. "ಬಿಚ್ಚಲೆ ಬತ್ತು, ಕೂಡ್ಸಲೆ ಬತ್ತಿಲ್ಲೆ" ಎಂದು ಒಳಗಿನಿಂದ ಅವರ ಹೆಂಡತಿಯ ದನಿ ಬಂತು. ಹೆಗಡೆಯವರೇ ಮೊದಲು ನಕ್ಕರು. ಅವಲಕ್ಕಿ, ಮಜ್ಜಿಗೆ ಕೊಟ್ಟು ಕಳಿಸಿದರು.

ಭಾನುವಾರ ಯಲ್ಲಾಪುರ. ಲಗೇಜು ಗಾಡಿ ಓಡಿಸುವ ರಫೀಕ ಬಸ್‌ಸ್ಟ್ಯಾಂಡಿಗೇ ಬಂದಿದ್ದ. ಮಶೀನು ಜಾಮಾಗಿದೆ, ಹ್ಯಾಂಡಲ್ಲೇ ತಿರುಗುವುದಿಲ್ಲ, ಬಂದಷ್ಟಕ್ಕೆ ಕೊಡುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದವನು ಅವನೇ. ಲೌಡ್‌ಸ್ಪೀಕರು ಎಲ್ಲೆಡೆ ಬರುವ ಮೊದಲು ಅವನ ಅಬ್ಬಾ ಈ ಗ್ರಾಮೊಫೋನನ್ನು ಮದುವೆಗಳಿಗೆ ಬಾಡಿಗೆಗೆ ಒಯ್ಯುತ್ತಿದ್ದರು. ಮೊದಲ ಹಾಡು ನಡುವೆ ಎಳೆದುಕೊಂಡು ನಿಂತರೆ ಮರ್ಯಾದೆ ಹೋಗುತ್ತದೆಂದು ಮನೆಯಲ್ಲೇ ಪೂರ್ತಿ ಚಾವಿ ಕೊಟ್ಟು, ಬ್ರೇಕು ಹಾಕಿ ಹೊರಡುವುದು ಅವರ ಪದ್ಧತಿಯಂತೆ.

ಮನೆಯಲ್ಲಿ ರಫೀಕನ ಅಕ್ಕ ಖೈರುನ್ ಬ್ಲೌಸು ಹೊಲಿಯುತ್ತಿದ್ದರು. ನಾನು ಪೆಟ್ಟಿಗೆಯ ಮೇಲಿನ ಹಲಗೆ ಎತ್ತಿ ನೋಡಿದೆ. ಗ್ರೀಸು ಅಂಟಿನಂತೆ ಗಟ್ಟಿಯಾಗಿತ್ತು. ಅದನ್ನು ಕೆರೆದು, ವೇಗ ಹಿಡಿದಿಡುವ ಮೂರು ಗುಂಡುಗಳಿಗೆ ಎಣ್ಣೆ ಬಿಟ್ಟೆ. ಆಗ ತಿಳಿಯಿತು. ಮಶೀನು ಕೆಟ್ಟಿಲ್ಲ, ಪೂರ್ತಿ ಚಾವಿ ಇರುವುದರಿಂದ ಹ್ಯಾಂಡಲ್ ತಿರುಗುತ್ತಿಲ್ಲ ಎಂದೆ.

ಹೊಲಿಗೆ ಮಶೀನು ನಿಂತಿತು.

ಅಬ್ಬಾ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲವಂತೆ. ಈದ್ ಹಬ್ಬದ ದಿನ ಓಣಿಯ ಮಕ್ಕಳಿಗೆ ಹಾಡು ಹಾಕುವುದಿತ್ತು; ಕೊನೆಯ ಸಲ ಅಬ್ಬಾ ಹಿಂದಿನ ಸಂಜೆಯೇ ಚಾವಿ ಕೊಟ್ಟಿಟ್ಟಿದ್ದರು. ಬೆಳಗಾಗುವಷ್ಟರಲ್ಲಿ ಆಸ್ಪತ್ರೆಗೆ ಸೇರಿಸಬೇಕಾಯಿತು.

ಒಯ್ಯುವ ಮೊದಲು ಸ್ಪ್ರಿಂಗು ಸಡಿಲ ಮಾಡಲೇಬೇಕು ಎಂದು ದೊಡ್ಮನೆಯ ಹಂಚಿನ ಕತೆ ಹೇಳಿದೆ.

"ಮತ್ತೆ ಚಾವಿ ಕೊಟ್ರೆ ತುಂಬ್ತದಲ್ಲ ಆಪಾ" ಎಂದ ರಫೀಕ.

"ತುಂಬ್ತದೆ. ಅದು ನೀ ಕೊಟ್ಟದ್ದಾಗ್ತದೆ" ಎಂದರು ಖೈರುನ್.

ಕೊನೆಗೆ ಖೈರುನ್ ಅವರೇ ಒಂದು ರೆಕಾರ್ಡು ಒರೆಸಿ ತಂದರು. ನಾನು ಹೊಸ ಸೂಜಿ ಹಾಕಿದೆ. ಅವರು ಬೆರಳಿನಿಂದ ಬ್ರೇಕು ಸರಿಸಿದರು. ತಟ್ಟೆ ಒಮ್ಮೆ ತಡೆದು ತಿರುಗಿತು; ಹಾಡು ಬಂತು. ಅವರ ಕಣ್ಣು ಹಾಡು ಬರುವ ಕಡೆಗಿರಲಿಲ್ಲ, ತಿರುಗುವ ತಟ್ಟೆಯ ಮೇಲಿತ್ತು. ಒಂದು ಬದಿ ಮುಗಿಯಿತು. ನಾನು ರೆಕಾರ್ಡು ಮಗುಚಲು ಕೈ ಚಾಚಿದಾಗ ಅವರು ಬ್ರೇಕು ಹಾಕಿದರು.

"ಸಾಕು ತಮ್ಮಾ. ಇನ್ನೆಷ್ಟು ಅದೆ ಒಳಗೆ?"

"ಇನ್ನೊಂದು ಬದಿಗೆ ಸಾಕಾಗಬಹುದು."

"ಅದು ಇರ್ಲಿ."

ಹೀಗೇ ಬಿಗಿದಿಟ್ಟರೆ ಸ್ಪ್ರಿಂಗು ಸೋಲುತ್ತದೆ ಎಂದೆ.

"ಸೋಲ್ಲಿ. ನಾನೂ ಸೋಲ್ತಿದ್ದೇನಲ್ಲ" ಎಂದು ಅವರು ಮುಚ್ಚಳ ಹಾಕಿದರು.

ಬಿರಿಯಾನಿ ಉಣ್ಣದೆ ಬಿಡಲಿಲ್ಲ. ರಫೀಕ ಗಾಡಿಯಲ್ಲಿ ಸ್ಟ್ಯಾಂಡಿಗೆ ಬಿಟ್ಟ. "ಕೆಟ್ಟದ್ದು ಅಂತ ಕೊಡ್ಲಿಕ್ಕೆ ಹೊರಟಿದ್ದೆ ಮಾರಾಯ್ರೇ. ಸರಿ ಅದೆ ಅಂತ ಹೇಳಿ ನಿಮ್ಮ ವ್ಯಾಪಾರ ನೀವೇ ಹಾಳು ಮಾಡ್ಕಂಡ್ರಿ" ಎಂದು ನಗುತ್ತ ಬಾಳೆಹಣ್ಣಿನ ಚೀಲ ಕೈಗಿತ್ತ. ಬಸ್ಸಿನಲ್ಲಿ ಪಕ್ಕದ ಸೀಟು ಹುಬ್ಬಳ್ಳಿಯವರೆಗೂ ಖಾಲಿ ಇತ್ತು. ಗ್ರಾಮೊಫೋನಿಗೆಂದು ಮನಸ್ಸಿನಲ್ಲೇ ಹಿಡಿದಿಟ್ಟ ಜಾಗ. ಅಲ್ಲಿ ಬಾಳೆಹಣ್ಣು ಇಟ್ಟೆ.

ನುಡಿಸಿದ ಮೇಲೆ ಸ್ಪ್ರಿಂಗು ಸಡಿಲ ಬಿಡಬೇಕೆಂಬುದು ನನ್ನ ನಿಯಮ. ಕೋಣೆಯ ಎಂಟೂ ಸಡಿಲವಾಗಿಯೇ ಇದ್ದವು. ಸೋಮವಾರ ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲ ಹತ್ತಿರದ್ದಕ್ಕೆ ಪೂರ್ತಿ ಚಾವಿ ಕೊಟ್ಟೆ. ಬ್ರೇಕು ಹಾಕಿ, ಬಾಗಿಲಿಗೆ ಬೀಗ ಹಾಕಿಕೊಂಡು ಹೋದೆ. ಸಂಜೆ ಬಂದಾಗ ಯಾರೋ ನನಗೆಂದು ಕೊಟ್ಟಿಟ್ಟಂತೆ ಇರಲಿ.