ದಾರದಕ್ಕ ಹೊಲಿದಿಟ್ಟ ಹಾಳೆ

ನಮ್ಮ ನೋಂದಣಿ ಕಚೇರಿಯಲ್ಲಿ ಮದುವೆ ಪುಸ್ತಕಗಳಿಗೆ ರಟ್ಟು ಕಟ್ಟುವವಳನ್ನು ಎಲ್ಲರೂ ದಾರದಕ್ಕ ಎನ್ನುತ್ತಿದ್ದೆವು. ಮೂವತ್ತೊಂದು ವರ್ಷ ಊರವರ ಮದುವೆಗಳನ್ನೆಲ್ಲ ಬಿಚ್ಚಿ, ಗೋಂದು ಹಚ್ಚಿ, ಮತ್ತೆ ಹೊಲಿದಳು. ಅವಳ ಮದುವೆ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆಗ ಹೆಚ್ಚು ಜನರ ಧರ್ಮವೇ ಸರ್ಕಾರದ ಧರ್ಮ. ಅದರ ಗುರುಗಳ ಮೊಹರು ಬೀಳದ ಮದುವೆ ಮದುವೆಯೇ ಅಲ್ಲ. ದಾಖಲೆ ಕೋಣೆಯಲ್ಲಿ ಪುಸ್ತಕ ಎತ್ತಿಡುತ್ತಿದ್ದ ಅವಳ ಗಂಡ ಆ ಧರ್ಮದವನು, ಇವಳು ಅಲ್ಲ. ಬದಲಾಗು ಎಂದು ಅವನು ಬಾಯಿಬಿಟ್ಟು ಕೇಳಲಿಲ್ಲ, ಇವಳೂ ಬದಲಾಗಲಿಲ್ಲ. ದಿನಾ ಮಧ್ಯಾಹ್ನ ಕಿಟಕಿ ಪಕ್ಕ ಕೂತು ಒಂದೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರು. ಅವನು ಸತ್ತಾಗ ಮರಣದ ಪುಸ್ತಕದಲ್ಲಿ ಇವಳನ್ನು ‘ಪರಿಚಿತೆ’ ಎಂದು ಬರೆದವನು ನಾನೇ. ನಿಯಮ ಅಕ್ಕ, ಎಂದಿದ್ದೆ. ಆ ನಿಯಮಕ್ಕಿಷ್ಟು ಬೆಂಕಿ ಹಾಕ.

ಅವನು ಹೋದ ಎರಡು ವರ್ಷಕ್ಕೆ ಕಾನೂನು ಬದಲಾಯಿತು. ಸರ್ಕಾರಕ್ಕೆ ಇನ್ನು ಯಾವ ಧರ್ಮವೂ ಇಲ್ಲ, ಮೊಹರೂ ಬೇಡ. ದಾರದಕ್ಕ ಅಂದು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ನನ್ನ ಮೇಜಿನ ಮುಂದೆ ನಿಂತಳು. ಇಬ್ಬರೂ ಎದುರಿಗಿದ್ದು ಸಹಿ ಹಾಕಬೇಕು, ಹಳೆಯ ಮದುವೆಗೆ ಇದು ಅನ್ವಯಿಸದು ಎಂದು ನಿಯಮದ ಹಾಳೆ ನೋಡಿಕೊಂಡೇ ಹೇಳಿದೆ.

ಅವಳು ಒಳಗೆ ಹೋಗಿ ತನ್ನ ಮದುವೆಯಾದ ವರ್ಷದ ಪುಸ್ತಕವನ್ನು ಹೊತ್ತು ತಂದಳು. ನಮ್ಮಲ್ಲಿ ಒಂದು ಮದುವೆಗೆ ಒಂದು ಅಚ್ಚಾದ ಹಾಳೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದಕ್ಕೆ ರಟ್ಟು ಕಟ್ಟುವಾಗ, ತಾನು ಮದುವೆಯಾದ ತಾರೀಖಿನ ಜಾಗದಲ್ಲಿ ಒಂದು ಖಾಲಿ ಹಾಳೆ ಸೇರಿಸಿ ಹೊಲಿದಿದ್ದಳಂತೆ. ಎಂದಾದರೂ ತುಂಬುವ ಕಾಲ ಬಂದೀತು ಎಂದು. ಇಷ್ಟು ವರ್ಷ ನಮ್ಮ ಕಣ್ಣಿಗೇ ಬೀಳಲಿಲ್ಲ, ಅಂಥ ಘನ ಗುಮಾಸ್ತರು ನಾವು. ಇನ್ನು ಯಾಕದು, ಕತ್ತರಿಸಿ ಮನೆಗೆ ಒಯ್ಯುತ್ತೇನೆ ಎಂದು ಕತ್ತರಿ ತೆಗೆದಳು.

ಹಾಳೆ ಖಾಲಿಯಿರಲಿಲ್ಲ. ವರನ ಜಾಗದಲ್ಲಿ ಪೆನ್ಸಿಲಿನಿಂದ ಅವಳ ಗಂಡನ ಸೊಟ್ಟ ಸಹಿ ಇತ್ತು. ಪಕ್ಕದ ಜಾಗ ಅವಳಿಗಾಗಿ ಬಿಟ್ಟದ್ದು.

ಅವಳು ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿದಳು.

"ಒಂದು ಮಾತು ಹೇಳಿದ್ರೆ ಇವರ ಗಂಟೇನು ಹೋಗ್ತಿತ್ತು," ಎಂದಳು. "ಒಟ್ಟಿಗೆ ಕೂತಾದ್ರೂ ಕಾಯ್ತಿದ್ವಿ."

ನಾನು ಪೆನ್ಸಿಲ್ ಕೊಟ್ಟೆ. ಇದು ದಾಖಲೆ ಆಗಲ್ಲ ಎಂದೂ ಹೇಳಿದೆ, ಹಾಳು ಬುದ್ಧಿ ಬಿಡಬೇಕಲ್ಲ.

"ಆಗೋದು ಬೇಡಪ್ಪ," ಎಂದು ಅವಳು ಸಹಿ ಹಾಕಿದಳು. ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು, ಪುಸ್ತಕವನ್ನು ನನ್ನ ಕಡೆ ತಳ್ಳಿದಳು.

ಕೆಳಗೆ ಸಾಕ್ಷಿಯ ಜಾಗವಿತ್ತು. ಅಲ್ಲಿ ನಾನು ಸಹಿ ಹಾಕಿದೆ, ಪೆನ್ನಿನಲ್ಲಿ.